ಟೇಬಲ್ ಟೆನಿಸ್‌ನಲ್ಲಿ ಡಿಫೆನ್ಸ್ ಆಡುವಾಗ ಮನಸ್ಸು ಹೇಗಿರಬೇಕು?

ಎದುರಾಳಿ ಹೊಡೆಯಲು ಶುರು ಮಾಡಿದ ಕೂಡಲೇ ಕೈ ಬಿಗಿಯಾಗುತ್ತದೆ, ಏನು ಮಾಡಲಿ ಎಂದು ಮಡಿಕೇರಿಯಿಂದ ಕೇಳಿದ್ದೀರಿ. ‘ಹೇಗಾದರೂ ಪಾಯಿಂಟ್ ಉಳಿಸಬೇಕು’ ಅನ್ನೋದನ್ನು ಬಿಡಿ. ‘ಇವನಿಗೆ ಇನ್ನೊಂದು ಕಷ್ಟದ ಚೆಂಡು ಕೊಡ್ತೀನಿ’ ಅಂದುಕೊಳ್ಳಿ.

ಇದು ಸುಮ್ನೆ ಧೈರ್ಯದ ಮಾತಲ್ಲ. ಚಾಪ್ ಮಾಡಿದಾಗ, ಅಂದರೆ ಚೆಂಡಿನ ಕೆಳಭಾಗವನ್ನು ಬ್ಯಾಟಿನಿಂದ ಸವರಿ ಕಳಿಸಿದಾಗ, ಅದು ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತದೆ. ಅವನ ಬ್ಯಾಟಿಗೆ ತಾಗಿದರೆ ಕೆಳಕ್ಕೆ ಜಾರಿ ನೆಟ್‌ಗೆ ಬೀಳಲು ನೋಡುತ್ತದೆ. ಹಾಗಾಗಿ ಅವನು ಪ್ರತಿ ಸಲ ಎತ್ತಿಯೇ ಹೊಡೆಯಬೇಕು. ಎರಡು ಮೂರು ಚೆಂಡು ಹೀಗೆ ಚೆನ್ನಾಗಿ ತಿರುಗಿಸಿ ಕೊಡಿ. ಆಮೇಲಿನದನ್ನು ಕೈ ಬೀಸು ಬದಲಿಸದೆ, ಸ್ಪಿನ್ ಇಲ್ಲದೆ ತಳ್ಳಿ. ಅವನು ಮೊದಲಿನಷ್ಟೇ ಎತ್ತುತ್ತಾನೆ, ಚೆಂಡು ಟೇಬಲ್ ದಾಟಿ ಹೊರಗೆ! ಅಲ್ಲಿಂದ ಅನುಮಾನ ಪಡುವ ಸರದಿ ಅವನದು.

ಒಳ್ಳೆಯ ಸ್ಮ್ಯಾಶ್ ಬಂದರೆ ಪಾಯಿಂಟ್ ಹೋಗುತ್ತದೆ, ಹೋಗಲಿ. ಡಿಫೆಂಡರ್‌ಗೆ ಅದು ಮಾಮೂಲಿ. ಆದರೆ ಸಡಿಲ ಚೆಂಡು ಸಿಕ್ಕಾಗ ಹೊಡೆಯದೆ ಬಿಡೋದು ತಪ್ಪು. ದಕ್ಷಿಣ ಕೊರಿಯಾದ ಜೂ ಸೆ-ಹ್ಯೂಕ್ 2003ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸಿಂಗಲ್ಸ್ ಫೈನಲ್ ತಲುಪಿದ್ದು ಚಾಪ್ ಜೊತೆಗೆ ಜೋರು ಫೋರ್‌ಹ್ಯಾಂಡ್ ಇಟ್ಟುಕೊಂಡೇ.

ಇನ್ನೊಂದು, ಕೊಡಗಿನವರಿಗೆ ಮಾತ್ರ. ಮಳೆಗಾಲದ ತೇವಕ್ಕೆ ರಬ್ಬರ್ ಜಾರುತ್ತದೆ, ಸ್ಪಿನ್ ಹಿಡಿಯುವುದಿಲ್ಲ. ಆಗ ನಿಮ್ಮ ಕೈಯನ್ನೇ ಬೈದುಕೊಳ್ಳಬೇಡಿ. ಪ್ರತಿ 6 ಪಾಯಿಂಟ್‌ಗೊಮ್ಮೆ ಟವೆಲ್ ಬಳಸಲು ನಿಯಮದಲ್ಲೇ ಅವಕಾಶವಿದೆ. ಬ್ಯಾಟ್ ಒರೆಸಿ, ಉಸಿರು ತೆಗೆದುಕೊಂಡು, ಮುಂದಿನ ಚೆಂಡು ಎಲ್ಲಿಗೆ ಅಂತ ಅಷ್ಟರಲ್ಲೇ ತೀರ್ಮಾನಿಸಿ.