ಲಾಂಗ್ ಕೋವಿಡ್: ಒಂದೇ ಕಚೇರಿಯ ಮೂರು ಲೆಕ್ಕ

ಪ್ರಶ್ನೆ: ಸೋಂಕು ತಗುಲಿದವರಲ್ಲಿ ಎಷ್ಟು ಜನರಿಗೆ ಲಾಂಗ್ ಕೋವಿಡ್ (ಕೋವಿಡ್ ಬಂದು ವಾರಗಳು, ತಿಂಗಳುಗಳು ಕಳೆದರೂ ಲಕ್ಷಣ ಉಳಿಯುವ ಸ್ಥಿತಿ) ಎಂಬುದಕ್ಕೆ ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಒಂದೆಡೆ ಶೇ. 3 ಎನ್ನುತ್ತದೆ, ಇನ್ನೊಂದೆಡೆ ಶೇ. 11.7. ಯಾವುದು ಸರಿ?

ಉತ್ತರ: ಎರಡೂ ಸರಿ. ಕೇಳಿದ ಪ್ರಶ್ನೆಗಳೇ ಬೇರೆ. 2021ರ ಸೆಪ್ಟೆಂಬರ್‌ ವರದಿಯಲ್ಲಿ ಈ ಕಚೇರಿ ಒಂದೇ ಸಮೀಕ್ಷೆಯಿಂದ ಮೂರು ಲೆಕ್ಕ ತೆಗೆಯಿತು.

ಮೊದಲನೆಯದು, ಸುಸ್ತು, ತಲೆನೋವು, ಕೆಮ್ಮು ಮುಂತಾದ 12 ಲಕ್ಷಣಗಳಲ್ಲಿ ಒಂದಾದರೂ ಸೋಂಕಿನ 12ರಿಂದ 16 ವಾರಗಳ ನಡುವೆ ಇತ್ತೇ ಎಂಬುದು. ಹೌದು ಎಂದವರು ಶೇ. 5. ಸೋಂಕು ತಗುಲದವರನ್ನೂ ಹೀಗೆಯೇ ಕೇಳಿದಾಗ ಶೇ. 3.4! ಸುಸ್ತು, ತಲೆನೋವಿಗೆ ಕೋವಿಡ್ಡೇ ಬೇಕೆಂದಿಲ್ಲವಲ್ಲ. ಹಾಗಾಗಿ ಸೋಂಕಿನ ಪಾಲು ಎನ್ನಬಹುದಾದದ್ದು 1.6 ಅಂಶ ಮಾತ್ರ. ಹೋಲಿಕೆಯ ಗುಂಪಿಲ್ಲದ ಅಂಕಿಯನ್ನು ಅನುಮಾನದಿಂದಲೇ ನೋಡಬೇಕಾದದ್ದು ಇದಕ್ಕೇ.

ಎರಡನೆಯದು, ಲಕ್ಷಣ 12 ವಾರ ಬಿಡದೆ ಕಾಡಿತೇ ಎಂಬುದು. ಸೋಂಕಿತರಲ್ಲಿ ಶೇ. 3, ಉಳಿದವರಲ್ಲಿ ಶೇ. 0.5. ಇಲ್ಲಿ ಅಂತರ ಸ್ಪಷ್ಟ. ಆದರೆ ಈ ಕಾಯಿಲೆ ಬಂದು ಹೋಗಿ ಮತ್ತೆ ಬರುವಂಥದ್ದು. ನಡುವೆ ಚೇತರಿಸಿಕೊಂಡವರು ಲೆಕ್ಕದಿಂದ ಜಾರಿಬಿಡುತ್ತಾರೆ.

ಮೂರನೆಯದು, ‘ನಿಮಗೆ ಲಾಂಗ್ ಕೋವಿಡ್ ಇದೆ ಎನಿಸುತ್ತದೆಯೇ’ ಎಂಬ ನೇರ ಪ್ರಶ್ನೆ. 12 ವಾರಗಳ ನಂತರ ಹೌದು ಎಂದವರು ಶೇ. 11.7, ದಿನನಿತ್ಯದ ಕೆಲಸಕ್ಕೂ ತೊಡಕಾಗಿದೆ ಎಂದವರು ಶೇ. 7.5. ಸೇವೆಗಳನ್ನು ಯೋಜಿಸುವವರಿಗೆ ಈ ಕೊನೆಯ ಅಂಕಿಯೇ ಹೆಚ್ಚು ಉಪಯುಕ್ತ ಎಂಬುದು ನಮ್ಮ ಅಭಿಪ್ರಾಯ.

ಒಂದು ಎಚ್ಚರಿಕೆ: ಇವೆಲ್ಲ ಸೋಂಕಿತರ ಪೈಕಿ ಶೇಕಡಾವಾರು. ಇಡೀ ಜನಸಂಖ್ಯೆಗೆ ಗುಣಿಸಿದರೆ ಲೆಕ್ಕ ಕೆಡುತ್ತದೆ.

ಪ್ರಶ್ನೆ: ಸೋಂಕಿತರಷ್ಟೇ ಅಲ್ಲ, ಎಲ್ಲ ಜನರ ಪೈಕಿ ಲಾಂಗ್ ಕೋವಿಡ್ 2023ರ ಮಾರ್ಚ್‌ನಲ್ಲಿ ಬ್ರಿಟನ್‌ನಲ್ಲಿ ಶೇ. 2.9, 2022ರಲ್ಲಿ ಅಮೆರಿಕದಲ್ಲಿ ಶೇ. 6.9. ಅಮೆರಿಕದಲ್ಲಿ ಕಾಯಿಲೆ ದುಪ್ಪಟ್ಟು ಎನ್ನಬಹುದೇ?

ಉತ್ತರ: ಬೇಡ. 6.9 ಎಂದರೆ ‘ಎಂದಾದರೂ ಬಂದಿತ್ತು’ ಎಂದ ವಯಸ್ಕರು; ‘ಈಗಲೂ ಇದೆ’ ಎಂದವರು 3.4. ಬ್ರಿಟನ್ನಿನದು ‘ಈಗ ಇದೆ’ ಎಂದವರ ಲೆಕ್ಕ, ಅದರಲ್ಲಿ ಮಕ್ಕಳೂ ಸೇರಿದ್ದಾರೆ. ಬ್ರಿಟನ್‌ನಲ್ಲಿ ಲಕ್ಷಣ 4 ವಾರ ದಾಟಿದರೆ ಸಾಕು, ಅಮೆರಿಕದಲ್ಲಿ 3 ತಿಂಗಳಾಗಬೇಕು. ಹೋಲಿಸಲೇಬೇಕೆಂದರೆ 3.4ನ್ನು ತೆಗೆದುಕೊಳ್ಳಿ, ಈ ವ್ಯತ್ಯಾಸಗಳನ್ನೂ ಪಕ್ಕದಲ್ಲೇ ಬರೆಯಿರಿ.

ಪ್ರಶ್ನೆ: ಸಮೀಕ್ಷೆಯ ಗೊಂದಲವೇ ಬೇಡ, ಆಸ್ಪತ್ರೆಯ ದಾಖಲೆ ಎಣಿಸಿದರಾಗದೇ?

ಉತ್ತರ: ಕೋವಿಡ್ ನಂತರದ ತೊಂದರೆಯನ್ನು ದಾಖಲೆಯಲ್ಲಿ ನಮೂದಿಸಲು ಯು09.9 ಎಂಬ ರೋಗ ಸಂಕೇತವೇನೋ ಇದೆ. ಆದರೆ ರೋಗಿ ವೈದ್ಯರ ಬಳಿ ಹೋಗಬೇಕು, ವೈದ್ಯರು ಗುರುತಿಸಬೇಕು, ಆಮೇಲೆ ಆ ಸಂಕೇತವನ್ನೇ ನಮೂದಿಸಬೇಕು. ‘ಸುಸ್ತು’ ಎಂದಷ್ಟೇ ಬರೆದರೆ ಆ ರೋಗಿ ಲೆಕ್ಕಕ್ಕೆ ಸಿಗುವುದಿಲ್ಲ.