ಮಾರುವವರ ಲೆಕ್ಕ ಬೇರೆ, ಇಟ್ಟುಕೊಳ್ಳುವವರ ಲೆಕ್ಕ ಬೇರೆ

ಓದುಗರು ಕೇಳಿದ್ದು, ನಾವು ಹೇಳಿದ್ದು: ಈ ಸಲ ಪೂರ್ತಿ ಲ್ಯಾಪ್‌ಟಾಪ್

ಪ್ರಶ್ನೆ: ಮಗಳು ಈ ವರ್ಷ ಸಿಎ ಆರ್ಟಿಕಲ್‌ಶಿಪ್‌ಗೆ, ಅಂದರೆ ಆಡಿಟರ್ ಕೈಕೆಳಗಿನ ತರಬೇತಿಗೆ, ಸೇರುತ್ತಿದ್ದಾಳೆ. ಅರವತ್ತು ಸಾವಿರದೊಳಗೆ ಒಂದು ವಿಂಡೋಸ್ ಲ್ಯಾಪ್‌ಟಾಪ್ ತೆಗೆಸಿಕೊಡೋಣ ಅಂತಿದ್ದೆ. ಆದರೆ ಅಣ್ಣನ ಮಗ ಬಿಡುತ್ತಿಲ್ಲ. "ಚಿಕ್ಕಪ್ಪಾ, ತೊಂಬತ್ತು ಸಾವಿರ ಹಾಕಿ ಮ್ಯಾಕ್‌ಬುಕ್ ಏರ್ ತಗೊಳ್ಳಿ, ಐದು ವರ್ಷ ಬಿಟ್ಟು ಮಾರಿದರೆ ಅದೇ ಅಗ್ಗ ಬೀಳುತ್ತೆ" ಅನ್ನುತ್ತಾನೆ. ಇದು ನಿಜವೇ? ನಮ್ಮ ಮನೆಯಲ್ಲಿ ಇದುವರೆಗೆ ಯಾವ ಹಳೇ ಸಾಮಾನನ್ನೂ ಮಾರಿದ್ದಿಲ್ಲ.
– ಡೊಂಬಿವಲಿಯ ಒಬ್ಬ ತಂದೆ

ಉತ್ತರ: ನಿಮ್ಮ ಕೊನೆಯ ವಾಕ್ಯಕ್ಕೆ ಆಮೇಲೆ ಬರೋಣ. ಮೊದಲು ಅಣ್ಣನ ಮಗನ ಲೆಕ್ಕ ನೋಡೋಣ. ಹುಡುಗ ಸುಮ್ನೆ ಏನೂ ಹೇಳಿಲ್ಲ.

90,000ದ ಮ್ಯಾಕ್ ಐದು ವರ್ಷದ ಮೇಲೆ 30,000ಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ಕೈಬಿಟ್ಟು ಹೋದದ್ದು 60,000. ಅಂದರೆ ವರ್ಷಕ್ಕೆ 12,000. ವಿಂಡೋಸ್‌ಗೆ 60,000 ಕೊಟ್ಟಿರಿ, ನಡುವೆ ಒಂದು ಸಲ ಬ್ಯಾಟರಿ ಬದಲಾಯಿಸಲು 4,500 ಹೋಯಿತು, ಕೊನೆಗೆ ಮಾರಿದಾಗ 10,000 ಬಂತು. ನಿವ್ವಳ 54,500, ವರ್ಷಕ್ಕೆ 10,900. ತಿಂಗಳಿಗೆ ನೂರು ರೂಪಾಯಿಯ ವ್ಯತ್ಯಾಸವೂ ಇಲ್ಲ. ಕೊಳ್ಳುವಾಗ ಮೂವತ್ತು ಸಾವಿರದಷ್ಟು ದೊಡ್ಡದಾಗಿ ಕಂಡ ಅಂತರ ಇಲ್ಲಿಗೆ ಬಂದು ನಿಲ್ಲುತ್ತದೆ. ಆದರೆ ಅವನು ಒಂದು ಮರೆತ. ಆ ಮೂವತ್ತು ಸಾವಿರವನ್ನು 6.5% ಬಡ್ಡಿಗೆ ಎಫ್‌ಡಿಯಲ್ಲಿ ಇಟ್ಟಿದ್ದರೆ ಐದು ವರ್ಷದಲ್ಲಿ ಸುಮಾರು 11,000 ಬಡ್ಡಿ ಬರುತ್ತಿತ್ತು. ಅದನ್ನೂ ಸೇರಿಸಿದರೆ ಮ್ಯಾಕ್ ವರ್ಷಕ್ಕೆ ಇನ್ನೊಂದು 2,200 ದುಬಾರಿ. ಅಗ್ಗ ಅಂತೂ ಬೀಳಲಿಲ್ಲ, ತೀರಾ ದುಬಾರಿಯೂ ಅಲ್ಲ.

ಮ್ಯಾಕ್‌ಗೆ ಮರುಮಾರಾಟದಲ್ಲಿ ಬೆಲೆ ನಿಲ್ಲುವುದು ಯಾಕೆ? ಸೇಬಿನ ಗುರುತಿನ ಮೋಹ ಸ್ವಲ್ಪ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ದೊಡ್ಡ ಕಾರಣ ಬೇರೆ. ಅವರ ಮಾಡೆಲ್‌ಗಳು ಕಡಿಮೆ. "ಎಂ1 ಏರ್" ಅಂದರೆ ಸಾಕು, ಕೊಳ್ಳುವವನಿಗೆ ಪೂರ್ತಿ ಜಾತಕ ಗೊತ್ತು. 2020ರ ನವೆಂಬರ್‌ನಲ್ಲಿ 92,900 ರೂಪಾಯಿಗೆ ಬಂದ ಆ ಮಾಡೆಲ್‌ಗೆ ಐದು ವರ್ಷದ ಮೇಲೂ ಹೊಸ ಮ್ಯಾಕ್‌ಓಎಸ್ ಸಿಕ್ಕಿತು. ವಿಂಡೋಸ್ ಕಡೆ ಒಂದೊಂದು ಕಂಪನಿಗೂ ಹತ್ತಾರು ಮಾಡೆಲ್, ಹೆಸರಿನ ಬಾಲದಲ್ಲಿ ನಾಲ್ಕೈದು ಅಂಕಿ. ಎರಡು ವರ್ಷ ಹಳೆಯದಾದ ಅಂಥದ್ದನ್ನು ಮಾರಲು ಹೊರಟರೆ ಎದುರಿಗಿದ್ದವನು ಮೊಬೈಲ್ ತೆಗೆದು ದೀಪಾವಳಿ ಸೇಲ್‌ನಲ್ಲಿ ಹೊಸದಕ್ಕೆ ಎಷ್ಟಿದೆ ನೋಡುತ್ತಾನೆ. ಅಲ್ಲಿಗೆ ಬೇರೆ ಮಾತೇ ಇಲ್ಲ.

ಮ್ಯಾಕ್ ಆದರೂ ಎಲ್ಲವೂ ಒಂದೇ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಆಪಲ್ ತನ್ನ ಏರ್ ಲ್ಯಾಪ್‌ಟಾಪ್‌ಗಳಿಗೆ ಕನಿಷ್ಠ 16 ಜಿಬಿ ರ‍್ಯಾಮ್ ಕೊಡಲು ಶುರು ಮಾಡಿತು. ಅಲ್ಲಿಂದ 8 ಜಿಬಿಯದನ್ನು ಮಾರುವವರ ಮಾತಿಗೆ ತೂಕ ಕಡಿಮೆಯಾಯಿತು. ಅದರಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸುವ ದಾರಿಯೇ ಇಲ್ಲ, ಚಿಪ್ಪಿನ ಜೊತೆಗೇ ಬೆಸೆದಿರುತ್ತದೆ.

ಈಗ ನಿಮ್ಮ ಕೊನೆಯ ವಾಕ್ಯ. ನೀವು ಮಾರುವವರಲ್ಲ. ಐದು ವರ್ಷದ ಮೇಲೆ ಆ ಲ್ಯಾಪ್‌ಟಾಪ್ ತಮ್ಮನಿಗೋ ಊರಿನಲ್ಲಿರುವ ಸೋದರತ್ತೆಯ ಮಗನಿಗೋ ಹೋಗುತ್ತದೆ, ಇಲ್ಲವಾದರೆ ಬೀರುವಿನ ಮೇಲೆ ಕೂರುತ್ತದೆ. ಆಗ ಮರುಮಾರಾಟದ ಬೆಲೆ ಸೊನ್ನೆ. ಮ್ಯಾಕ್ ವರ್ಷಕ್ಕೆ 18,000, ವಿಂಡೋಸ್ 12,900. ಅಂತರ ಐದು ಸಾವಿರದ ಮೇಲೆ. ರೀಸೇಲ್ ಚೆನ್ನಾಗಿದೆ ಅನ್ನುವ ಮಾತು ನಿಜವಾಗಿ ಮಾರುವವರಿಗೆ ಮಾತ್ರ ಲಾಭ, ಉಳಿದವರಿಗೆ ಅದು ಜಾಸ್ತಿ ಖರ್ಚು ಮಾಡಲು ಸಿಕ್ಕ ನೆಪ.

ಇನ್ನೊಂದು ಅಪಾಯ ನಿಮ್ಮೂರಿನದೇ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಡೊಂಬಿವಲಿಯಿಂದ ಹತ್ತಿದವರಿಗೆ ಗೊತ್ತಿರುತ್ತದೆ, ಬ್ಯಾಗನ್ನು ಎದೆಗೆ ಅವುಚಿಕೊಂಡರೂ ನಾಲ್ಕೂ ಕಡೆಯಿಂದ ಒತ್ತಡ. ತೆಳ್ಳಗಿನ ಲ್ಯಾಪ್‌ಟಾಪ್‌ನ ಪರದೆ ಅಲ್ಲಿ ಬಿರುಕು ಬಿಟ್ಟರೆ ವಾರಂಟಿ ಕೈ ಕೊಡುತ್ತದೆ, ಏಕೆಂದರೆ ಒತ್ತಿ ಒಡೆದದ್ದು ತಯಾರಿಕೆಯ ದೋಷವಲ್ಲ. ಮ್ಯಾಕ್‌ನಲ್ಲಿ ಪರದೆ ಅಂದರೆ ಮೇಲಿನ ಭಾಗ ಪೂರ್ತಿ ಬದಲಿಸಬೇಕಾಗುತ್ತದೆ, ನೀವು ಲೆಕ್ಕ ಹಾಕಿದ್ದ ರೀಸೇಲ್ ದುಡ್ಡಿನ ಬಹುಪಾಲು ಅಲ್ಲೇ ಹೋಗುತ್ತದೆ. ಯಾವುದೇ ತಗೊಳ್ಳಿ, ಬಿದ್ದು ಒಡೆದರೂ ರಿಪೇರಿ ಸಿಗುವ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ಕೊಳ್ಳುವಾಗಲೇ ಸೇರಿಸಿ. ಆಪಲ್‌ನಲ್ಲಿ ಇದಕ್ಕೆ ಕೊಂಡ ದಿನದಿಂದ 60 ದಿನದ ಗಡುವು ಇದೆ.

ಇಷ್ಟೆಲ್ಲಾ ಹೇಳಿದ ಮೇಲೆ ನಿಮ್ಮ ಮಗಳ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಟ್ಯಾಲಿ. ಲೆಕ್ಕ ಬರೆಯುವ ಅದು ವಿಂಡೋಸ್‌ನ ಸಾಫ್ಟ್‌ವೇರ್, ಮ್ಯಾಕ್‌ನಲ್ಲಿ ನೇರವಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಎಕ್ಸೆಲ್ ಮ್ಯಾಕ್‌ನಲ್ಲೂ ಇದೆ, ಆದರೆ ದೊಡ್ಡ ಡೇಟಾ ಜಾಲಾಡಲು ಬೇಕಾದ ಪವರ್ ಪಿವಟ್‌ನಂಥವು ಅದರಲ್ಲಿ ಇಲ್ಲ. ಆರ್ಟಿಕಲ್‌ಶಿಪ್ ಈಗ ಎರಡೇ ವರ್ಷ. ಆ ಎರಡು ವರ್ಷ ಅವಳು ಬಳಸುವುದು ಇವನ್ನೇ ಅಲ್ವಾ? ವಿಂಡೋಸ್ ತಗೊಳ್ಳಿ. 16 ಜಿಬಿ ರ‍್ಯಾಮ್ ಇರಲಿ, ಸಾಧ್ಯವಾದರೆ ಇನ್ನೊಂದು ರ‍್ಯಾಮ್ ಸ್ಲಾಟ್ ಖಾಲಿ ಇರುವುದನ್ನು ಆರಿಸಿ. ಉಳಿದ ದುಡ್ಡಿನಲ್ಲಿ ಮೂರು ವರ್ಷದ ಆನ್‌ಸೈಟ್ ವಾರಂಟಿ ಬರುತ್ತದೆ. ಅಣ್ಣನ ಮಗನಿಗೆ ಬೇಸರವಾದರೆ ಈ ಪುಟ ತೋರಿಸಿ.

ಪ್ರಶ್ನೆ: ಪುಣೆಯಲ್ಲಿ ಮೊದಲ ಕೆಲಸ. ಕಂಪನಿ ಲ್ಯಾಪ್‌ಟಾಪ್ ಇದೆ, ನನ್ನ ಸ್ವಂತ ಕಲಿಕೆಗೆ ಇನ್ನೊಂದು ಬೇಕು. ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಹಳೇ ಥಿಂಕ್‌ಪ್ಯಾಡ್ ನೋಡಿದೆ. "ಐ7 ಇದೆ, ಹೊಸದರ ಹಾಗೇ ಓಡುತ್ತೆ" ಅಂತಾರೆ. ತಗೊಳ್ಳಲಾ, ಅಥವಾ ನಲವತ್ತೈದು ಸಾವಿರದ ಹೊಸದು ಒಳ್ಳೆಯದಾ?
– ಹಿಂಜವಡಿಯಿಂದ, ಧಾರವಾಡದ ಹುಡುಗ

ಉತ್ತರ: ಹಳೇ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಇವೆಲ್ಲ ಆಫೀಸುಗಳಿಗೆಂದೇ ಮಾಡಿದವು. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಒಟ್ಟಿಗೆ ಹೊರಗೆ ಹಾಕುತ್ತವೆ. ಬೆಲೆ ಇಳಿಯುವ ಕಾಲದ ಪೆಟ್ಟೆಲ್ಲ ಆ ಕಂಪನಿಗೆ ಬಿದ್ದಿರುತ್ತದೆ, ನಿನಗೆ ಬೀಳುವುದು ಚೂರುಪಾರು. ಇಪ್ಪತ್ತೈದಕ್ಕೆ ಕೊಂಡದ್ದು ಎರಡು ವರ್ಷದ ಮೇಲೆ ಹದಿನೈದಕ್ಕೆ ಹೋದರೂ ನಷ್ಟ ಹತ್ತೇ ಸಾವಿರ. ಹಿಂಜ್ ಗಟ್ಟಿ, ಕೀಬೋರ್ಡ್ ಚೆನ್ನ, ಬಿಡಿಭಾಗ ಸಿಗುತ್ತದೆ, ಬಿಚ್ಚುವುದು ಹೇಗೆ ಅನ್ನುವ ಕೈಪಿಡಿಯನ್ನು ಕಂಪನಿಯೇ ವೆಬ್‌ಸೈಟಿನಲ್ಲಿ ಇಟ್ಟಿರುತ್ತದೆ. ನನ್ನನ್ನು ಕೇಳಿದರೆ ನಲವತ್ತೈದು ಸಾವಿರದ ಪ್ಲಾಸ್ಟಿಕ್ ಮೈಯ ಹೊಸದಕ್ಕಿಂತ ಇದೇ ವಾಸಿ. ಅದೂ 2025ರ ಕೊನೆಯಿಂದ ಮೆಮೊರಿ ಚಿಪ್ಪಿನ ಬೆಲೆ ಏರಿ ಕೂತಿರುವಾಗ ಹೊಸ ಅಗ್ಗದ ಮಾಡೆಲ್‌ಗಳಲ್ಲಿ ಏನು ಕಡಿತ ಮಾಡಿದ್ದಾರೆ ಅಂತ ಎರಡು ಸಲ ನೋಡಬೇಕು.

ಆದರೆ "ಐ7" ಅನ್ನುವ ಇಂಟೆಲ್ ಪ್ರೊಸೆಸರ್‌ನ ಸ್ಟಿಕರ್‌ಗೆ ಮರುಳಾಗಬೇಡ. ಅದರ ಮುಂದಿನ ಅಂಕಿ ನೋಡು. ಐ7-6600ಯು ಅಂದರೆ ಆರನೇ ತಲೆಮಾರು, ಎರಡೇ ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ). ಐ5-8250ಯು ಎಂಟನೇ ತಲೆಮಾರು, ನಾಲ್ಕು ಕೋರ್. ಐ5 ಇದ್ದರೂ ಎರಡನೆಯದೇ ಮೇಲು. ಜೊತೆಗೆ ಇನ್ನೊಂದು ವಿಷಯ: ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ಕ್ಕೆ ಇಂಟೆಲ್‌ನ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನದೇ ಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಕೂಡ. ಅದಕ್ಕೇ ಆರು, ಏಳನೇ ತಲೆಮಾರಿನವು ಈಗ ಗಲ್ಲಿ ತುಂಬಾ ಅಗ್ಗಕ್ಕೆ ಬಂದು ಬಿದ್ದಿವೆ. "ವಿಂಡೋಸ್ 11 ಹಾಕಿಕೊಡ್ತೇವೆ" ಅಂತಾರೆ, ಅಡ್ಡದಾರಿಯಲ್ಲಿ ಹಾಕಿಯೂ ಕೊಡುತ್ತಾರೆ. ನಾಳೆ ನೀನು ಮಾರಲು ಹೋದಾಗ ಮಾತ್ರ ಅದೇ ಅಂಗಡಿಯವರು ಮೂಗು ಮುರಿಯುತ್ತಾರೆ. ಲಿನಕ್ಸ್ ಹಾಕಿ ಕಲಿಯುವುದೇ ನಿನ್ನ ಉದ್ದೇಶವಾದರೆ ಬೇರೆ ಮಾತು, ಆಗ ಅದಕ್ಕೆ ತಕ್ಕ ಬೆಲೆಗೆ ಚೌಕಾಸಿ ಮಾಡು.

2018ರ ಥಿಂಕ್‌ಪ್ಯಾಡ್ ಟಿ480 ಸಿಕ್ಕರೆ ಕೈಗೆತ್ತಿಕೊಂಡು ನೋಡು. ಎರಡು ರ‍್ಯಾಮ್ ಸ್ಲಾಟ್, ಒಳಗೊಂದು ಬ್ಯಾಟರಿ, ಹೊರಗಿನಿಂದ ಕಳಚಬಹುದಾದ ಇನ್ನೊಂದು. ಹೆಸರಿನ ಕೊನೆಗೆ ಇಂಗ್ಲಿಷಿನ ಎಸ್ ಅಕ್ಷರ ಇದ್ದರೆ ಅದು ತೆಳ್ಳಗಿನ ಮಾಡೆಲ್, ಅದರಲ್ಲಿ ರ‍್ಯಾಮ್‌ನ ಒಂದು ಭಾಗ ಬೋರ್ಡಿಗೇ ಬೆಸೆದಿರುತ್ತದೆ.

ಅಂಗಡಿಯಲ್ಲೇ ನಿಂತು ಇಷ್ಟು ಮಾಡಿಸು. ವಿಂಡೋಸ್ ರೀಸೆಟ್ ಮಾಡಿ, ನಿನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಮೊದಲಿಂದ ಸೆಟಪ್ ಮಾಡಿಸು. ಯಾವುದೋ ಕಂಪನಿಯ ಹೆಸರು ಬಂದು ಆಫೀಸ್ ಐಡಿ ಕೇಳಿದರೆ ಎದ್ದು ಬಾ, ಆ ಲ್ಯಾಪ್‌ಟಾಪ್ ಹಳೇ ಮಾಲೀಕರ ಹಿಡಿತದಿಂದ ಬಿಟ್ಟಿಲ್ಲ. ವಿಂಡೋಸ್‌ಗೂ ಮೊದಲು ತೆರೆದುಕೊಳ್ಳುವ ಬಯಾಸ್ ಸೆಟ್ಟಿಂಗ್‌ಗೆ ಪಾಸ್‌ವರ್ಡ್ ಇದ್ದರೂ ಅಷ್ಟೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸು, ಹೊಸದಿದ್ದಾಗಿನ ಸಾಮರ್ಥ್ಯ ಎಷ್ಟು, ಈಗ ತುಂಬುವುದು ಎಷ್ಟು ಎರಡೂ ಅದರಲ್ಲಿ ಬರುತ್ತದೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಮುರಿಸಿಕೋ. ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದೆ ದುಡ್ಡು ಕೊಡಬೇಡ. ಕದ್ದ ಮಾಲಾದರೆ ಪೊಲೀಸರು ಬರುವುದು ನಿನ್ನ ಬಾಗಿಲಿಗೆ.

ಪ್ರಶ್ನೆ: ವಾಸ್ಕೋದಲ್ಲಿ ಪೇಂಟ್ ಅಂಗಡಿ ನಮ್ಮದು, ಸಮುದ್ರ ಹತ್ತಿರ. ಬಿಲ್ಲಿಂಗ್ ಲ್ಯಾಪ್‌ಟಾಪ್ ಮೂರು ವರ್ಷಕ್ಕೊಂದು ಹಾಳಾಗುತ್ತದೆ, ಗುಜರಿಯವನೂ ಬೇಡ ಅಂತಾನೆ. ದುಬಾರಿಯದು ತಗೊಂಡರೆ ಬಾಳುತ್ತದೆಯೇ?
– ಗೋವಾದ ಓದುಗರು

ಉತ್ತರ: ಇಲ್ಲ. ಉಪ್ಪು ಗಾಳಿಗೆ ಬೆಲೆ ಗೊತ್ತಿಲ್ಲ. ತೇವದ ಜೊತೆ ಉಪ್ಪು ಸೇರಿ ಪೋರ್ಟ್‌ಗಳ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಬೋರ್ಡ್ ಒಳಗೂ ಅದೇ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡುವುದು ಇನ್ನೂ ಕೆಟ್ಟದ್ದು, ದಿನಾ ಸ್ವಲ್ಪ ಹೊತ್ತು ಆನ್ ಇದ್ದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ರಾತ್ರಿ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಎಸಿ ರೂಮಿನಿಂದ ಹೊರತಂದ ಕೂಡಲೇ ಆನ್ ಮಾಡಬೇಡಿ, ತಣ್ಣನೆಯ ಮೈಮೇಲೆ ನೀರು ಕಟ್ಟುತ್ತದೆ.

ಆದರೆ ಅಂಗಡಿಯಿಂದ ಕದಲದ ಕೆಲಸಕ್ಕೆ ಲ್ಯಾಪ್‌ಟಾಪೇ ಯಾಕೆ? ಮಿನಿ ಪಿಸಿ, ಒಂದು ಮಾನಿಟರ್, ಸಣ್ಣ ಯುಪಿಎಸ್ ಸಾಕು. ಕೀಬೋರ್ಡ್ ಕೆಟ್ಟರೆ ಕೆಲವು ನೂರು ರೂಪಾಯಿ, ಲ್ಯಾಪ್‌ಟಾಪ್‌ನಲ್ಲಿ ಅದೇ ಸಾವಿರಗಳ ಮಾತು. ನೀವು ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದರೆ ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿಸಿ. 50,000ದ ಸಾಮಾನಿಗೆ 18% ಅಂದರೆ 9,000 ತೆರಿಗೆ, ಅದು ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಸ್ಕೀಮಿನಲ್ಲಿ ಇದ್ದರೆ ಸಿಗುವುದಿಲ್ಲ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ 40% ಸವಕಳಿ (ಡಿಪ್ರಿಸಿಯೇಷನ್) ಇದೆ, ನಿಮ್ಮ ಅಕೌಂಟೆಂಟ್‌ಗೆ ಬಿಲ್ ಕೊಟ್ಟಿದ್ದೀರಾ ನೋಡಿ. ಗುಜರಿಯವನು ಕೊಡುವ ಐನೂರಕ್ಕಿಂತ ಇದು ದೊಡ್ಡದು.

ಪ್ರಶ್ನೆ: 2019ರ 16 ಇಂಚಿನ ಇಂಟೆಲ್ ಮ್ಯಾಕ್‌ಬುಕ್ ಪ್ರೊ ಇದೆ. ಈಗ ಮಾರಲೇ, ಇನ್ನೊಂದು ವರ್ಷ ಎಳೆಯಲೇ?
– ಮಾಟುಂಗಾ

ಉತ್ತರ: ಮಾರುವುದಾದರೆ ಈಗಲೇ. ಇಂಟೆಲ್ ಮ್ಯಾಕ್‌ಗಳಿಗೆ ತಾಹೋ ಕೊನೆಯ ಮ್ಯಾಕ್‌ಓಎಸ್ ಅಂತ ಆಪಲ್ 2025ರ ಜೂನ್‌ನಲ್ಲೇ ಹೇಳಿಬಿಟ್ಟಿದೆ. ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಸ್ವಲ್ಪ ಕಾಲ ಬರುತ್ತದೆ, ಆದರೆ ಕೊಳ್ಳುವವರು ಈಗ ಕೇಳುವುದು ಆಪಲ್‌ನದೇ ಎಂ ಚಿಪ್ಪಿನವನ್ನೇ. ಆನ್‌ಲೈನ್‌ನಲ್ಲಿ ಬೆಲೆ ಕೇಳಿ, ಲ್ಯಾಮಿಂಗ್ಟನ್ ರೋಡಿನ ಎರಡು ಅಂಗಡಿಯಲ್ಲೂ ಕೇಳಿ, ಎಕ್ಸ್‌ಚೇಂಜ್ ಆಫರ್ ಕೊನೆಗೆ ಇರಲಿ. ಕೊಡುವ ಮುಂಚೆ ಫೈಂಡ್ ಮೈ ಆಫ್ ಮಾಡಿ, ಆಪಲ್ ಅಕೌಂಟ್‌ನಿಂದ ಸೈನ್ ಔಟ್ ಆಗಿ, ಆಮೇಲೆ ಪೂರ್ತಿ ಅಳಿಸಿ. ಬಿಲ್, ಡಬ್ಬಿ, ಮೂಲ ಚಾರ್ಜರ್ ಮೂರೂ ಇದ್ದರೆ ಹೇಳಿದ ಬೆಲೆಗೆ ಸ್ವಲ್ಪ ಹೊತ್ತು ಗಟ್ಟಿಯಾಗಿ ನಿಲ್ಲಬಹುದು.