ಸಂಪಾದಕರ ಉತ್ತರ: ಅದು ನಿನ್ನ ಶಾಲೆಯೇ, ಪುಟ್ಟಿ

(ಅಮೆರಿಕದ ಸೇಂಟ್ ಲೂಯಿಸ್ ಹತ್ತಿರದ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದ ಕಾಗದ ಇದು. ಹೆಸರು ಹಾಕಬೇಡಿ ಅಂತ ಕೇಳಿದ್ದಾಳೆ. ಸ್ವಲ್ಪ ಚಿಕ್ಕದು ಮಾಡಿದ್ದೇವೆ. ಲೂಥರನ್ನರು ಅಂದರೆ ಜರ್ಮನಿಯ ಮಾರ್ಟಿನ್ ಲೂಥರ್ ಅವರ ದಾರಿಯ ಪ್ರೊಟೆಸ್ಟೆಂಟ್ ಕ್ರೈಸ್ತರು. ಚಾಪೆಲ್ ಅಂದರೆ ಶಾಲೆಯ ಪ್ರಾರ್ಥನೆ. ಕನ್ಫರ್ಮೇಷನ್ ಅಂದರೆ ಬೆಳೆದ ಮಕ್ಕಳು ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ಎಲ್ಲರೆದುರು ಒಪ್ಪಿಕೊಳ್ಳುವ ವಿಧಿ.)

"ಸಂಪಾದಕರಿಗೆ ನಮಸ್ಕಾರ. ನಾನು ಕಿಂಡರ್‌ಗಾರ್ಟನ್‌ನಿಂದ ಎಂಟನೇ ಕ್ಲಾಸಿನವರೆಗೆ ಒಂದೇ ಲೂಥರನ್ ಶಾಲೆಯಲ್ಲಿ ಓದಿದೆ. ಒಂಬತ್ತು ವರ್ಷ. ನಮ್ಮ ಕ್ಲಾಸಿನಲ್ಲಿ ಹದಿನಾಲ್ಕೇ ಜನ. ಮೇ ಕೊನೆಗೆ ಗ್ರಾಜುಯೇಷನ್. ಒಬ್ಬೊಬ್ಬರೂ ಮೂರು ನಿಮಿಷ ಮಾತಾಡಬೇಕು. ನನ್ನ ಗೆಳತಿಯರೆಲ್ಲ ಈ ವರ್ಷ ಚರ್ಚಿನಲ್ಲಿ ಕನ್ಫರ್ಮೇಷನ್ ಮಾಡಿಸಿಕೊಂಡರು. ನಾವು ಹಿಂದೂಗಳು, ನಾನು ಮಾಡಿಸಿಕೊಳ್ಳಲಿಲ್ಲ. ಆದರೆ ಬುಧವಾರದ ಚಾಪೆಲ್ ಅಂದರೆ ನನಗೆ ಇಷ್ಟ. ಬಾಯಿಪಾಠ ಮಾಡಿದ ವಾಕ್ಯಗಳೆಲ್ಲ ನೆನಪಿವೆ. ಅಜ್ಜಿ ಫೋನಲ್ಲಿ, ಅದು ಅವರ ಶಾಲೆ ಕಣೇ, ನಿನ್ನದಲ್ಲ ಅಂದರು. ತುಂಬಾ ಬೇಜಾರಾಯಿತು. ಅದು ನನ್ನ ಶಾಲೆ ಅಂತ ನಾನು ಹೇಳಬಹುದಾ? ಇನ್ನೊಂದು ಪ್ರಶ್ನೆ. ನನ್ನ ಮಾತಿನಲ್ಲಿ ಒಂದು ಸಾಲು ಕನ್ನಡ ಹೇಳಿದರೆ ತಪ್ಪಾಗುತ್ತಾ?"

ಪ್ರೀತಿಯ ಪುಟ್ಟಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಲಿತ ಕನ್ನಡ ಅಂತ ಕೊನೆಯಲ್ಲಿ ಬರೆದಿದ್ದೀಯ. ಚೆನ್ನಾಗಿದೆ. ಎರಡು ಕಡೆ 'ಶಾಲೆ' ಅನ್ನುವುದು 'ಶಾಳೆ' ಆಗಿತ್ತು. ಅದನ್ನು ಮಾತ್ರ ತಿದ್ದಿದ್ದೇನೆ.

ನಿನ್ನ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಮೊದಲನೆಯದರ ಉತ್ತರವೂ ಅದರೊಳಗೇ ಇದೆ.

ನಿನ್ನ ಊರಿನಿಂದ ಪಶ್ಚಿಮಕ್ಕೆ ಹೋದರೆ ನೆಬ್ರಾಸ್ಕ ರಾಜ್ಯ. ಅಲ್ಲಿ ಹ್ಯಾಂಪ್ಟನ್ ಅಂತ ಒಂದು ಚಿಕ್ಕ ಊರು. ಆ ಊರಲ್ಲಿ ನಿನ್ನ ಶಾಲೆಯಂಥದ್ದೇ ಒಂದು ಲೂಥರನ್ ಶಾಲೆ ಇತ್ತು. ಒಂದೇ ಕೋಣೆ. ರಾಬರ್ಟ್ ಮೇಯರ್ ಅನ್ನುವವರು ಅಲ್ಲಿ ಮೇಷ್ಟ್ರು. ಆ ಮಕ್ಕಳ ಮನೆಮಾತು ಜರ್ಮನ್. ಚರ್ಚಿನ ಪ್ರಾರ್ಥನೆ, ಅಪ್ಪ ಅಮ್ಮ ಹೇಳುವ ಬೈಬಲ್ ಕಥೆ ಎಲ್ಲವೂ ಜರ್ಮನ್‌ನಲ್ಲೇ.

ಆಗ ಮೊದಲನೇ ಮಹಾಯುದ್ಧ ಮುಗಿದು ಸ್ವಲ್ಪ ದಿನವಾಗಿತ್ತು. ಜರ್ಮನಿಯ ಮೇಲಿನ ಸಿಟ್ಟು ಜರ್ಮನ್ ಮಾತಾಡುವ ನೆರೆಹೊರೆಯವರ ಮೇಲೆ ತಿರುಗಿತ್ತು. 1919ರಲ್ಲಿ ನೆಬ್ರಾಸ್ಕ ಒಂದು ಕಾನೂನು ಮಾಡಿತು. ಯಾವ ಶಾಲೆಯಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡಬಾರದು. ಬೇರೆ ಭಾಷೆ ಕಲಿಸುವುದಾದರೆ ಮಗು ಎಂಟನೇ ಕ್ಲಾಸು ಪಾಸಾಗಿರಬೇಕು. ಲ್ಯಾಟಿನ್, ಗ್ರೀಕ್ ಥರದ ಹಳೆಯ ಭಾಷೆಗಳಿಗೆ ಅಡ್ಡಿಯಿಲ್ಲ ಅಂತ ಅಲ್ಲಿನ ಕೋರ್ಟು ಆಮೇಲೆ ಹೇಳಿತು. ಅಂದರೆ ಯಾರೂ ಮಾತಾಡದ ಭಾಷೆ ಕಲಿಸಬಹುದಿತ್ತು, ಅಮ್ಮ ಮಾತಾಡುವ ಭಾಷೆ ಕಲಿಸುವ ಹಾಗಿರಲಿಲ್ಲ. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗಿತ್ತು.

1920ರ ಮೇ 25. ಮೇಯರ್ ಮೇಷ್ಟ್ರು ಹತ್ತು ವರ್ಷದ ಒಬ್ಬ ಹುಡುಗನಿಗೆ ಬೈಬಲ್ ಕಥೆಗಳ ಜರ್ಮನ್ ಪುಸ್ತಕ ಓದಿಸುತ್ತಿದ್ದರು. ಆಗ ಕೌಂಟಿಯ, ಅಂದರೆ ಜಿಲ್ಲೆಯ, ಸರ್ಕಾರಿ ವಕೀಲರು ಶಾಲೆಯೊಳಕ್ಕೆ ಬಂದರು. ಪುಸ್ತಕ ಮುಚ್ಚಿಟ್ಟು ಇಂಗ್ಲಿಷ್ ಶುರು ಮಾಡಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಮೇಷ್ಟ್ರು ಮುಚ್ಚಲಿಲ್ಲ. ಕೇಸಾಯಿತು, 25 ಡಾಲರ್ ದಂಡ ಬಿತ್ತು. ದಂಡ ಕಟ್ಟಿ ಸುಮ್ಮನಾಗುವ ಬದಲು ಅವರು ಮೇಲಿನ ಕೋರ್ಟಿಗೆ ಹೋದರು. ವಾಷಿಂಗ್ಟನ್‌ನಲ್ಲಿ ಅವರ ಪರವಾಗಿ ವಾದಿಸಿದವರು ಆರ್ಥರ್ ಮಲೆನ್ ಅನ್ನುವ ಕ್ಯಾಥೊಲಿಕ್ ವಕೀಲರು. ಲೂಥರನ್ ಮೇಷ್ಟ್ರಿಗೆ ಕ್ಯಾಥೊಲಿಕ್ ವಕೀಲ! ಆ ಎರಡು ಪಂಥಗಳ ನಡುವೆ ನಾನೂರು ವರ್ಷಗಳ ಜಗಳ ಇದ್ದದ್ದು ನಿನಗೆ ಪಾಠದಲ್ಲಿ ಬಂದಿರುತ್ತದೆ, ಅಲ್ವಾ? 1923ರ ಜೂನ್ 4ರಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಏಳು ನ್ಯಾಯಮೂರ್ತಿಗಳು ಮೇಷ್ಟ್ರ ಕಡೆ, ಇಬ್ಬರು ವಿರುದ್ಧ. ಭಾಷೆ ಕಲಿಸುವ ಹಕ್ಕು ಮೇಷ್ಟ್ರಿಗಿದೆ, ಮಗುವಿಗೆ ಕಲಿಸಿ ಅಂತ ಅವರನ್ನು ಕೇಳುವ ಹಕ್ಕು ಅಪ್ಪ ಅಮ್ಮನಿಗಿದೆ ಅಂತಾಯಿತು.

ಈಗ ಹೇಳು, ಲೂಥರನ್ ಶಾಲೆಯ ವೇದಿಕೆಯ ಮೇಲೆ ನಿನ್ನ ಮನೆಮಾತು ಆಡುವುದಕ್ಕೆ ಯಾರನ್ನು ಕೇಳಬೇಕು? ಅದೂ ಎಂಟನೇ ಕ್ಲಾಸು ಮುಗಿಸಿದ ದಿನ, ಅದೂ ಮೇ ತಿಂಗಳ ಕೊನೆಯಲ್ಲಿ! ಒಂದು ಸಾಲು ಯಾಕೆ, ನಾಲ್ಕು ಸಾಲು ಹೇಳು.

ನಿಮ್ಮನ್ನು ಮಿಸ್ಸೂರಿ ರಾಜ್ಯದ ಆಲ್ಟನ್‌ಬರ್ಗ್ ಊರಿಗೆ ಕರೆದುಕೊಂಡು ಹೋಗಿದ್ದರು, ಮರದ ದಿಮ್ಮಿಗಳ ಗುಡಿಸಲಲ್ಲಿ ಕೂತು ಊಟ ಮಾಡಿದೆವು ಅಂತಲೂ ಬರೆದಿದ್ದೆ. ಜಾಗ ಸಾಲದೆ ಆ ಭಾಗ ಬಿಟ್ಟಿದ್ದೇನೆ, ಕ್ಷಮಿಸು. ಆದರೆ ಆ ಗುಡಿಸಲು ಮುಖ್ಯ. ಅದನ್ನು ಕಟ್ಟಿದವರು ಜರ್ಮನಿಯ ಸ್ಯಾಕ್ಸನಿಯಿಂದ ಐದು ಹಡಗುಗಳಲ್ಲಿ ಹೊರಟ ಲೂಥರನ್ ಜನ. ಒಂದು ಹಡಗು ಸಮುದ್ರದಲ್ಲೇ ಕಾಣೆಯಾಯಿತು. ಉಳಿದವರು 1839ರಲ್ಲಿ ಮಿಸ್ಸೂರಿ ಸೇರಿದರು. ಸರಿಯಾದ ಮನೆಗಳಿಲ್ಲ, ಜ್ವರದಿಂದ ಜನ ಸಾಯುತ್ತಿದ್ದಾರೆ. ಅಂಥ ಹೊತ್ತಿನಲ್ಲಿ, ಅದೇ ವರ್ಷ ಡಿಸೆಂಬರಿನಲ್ಲಿ, ಆ ಗುಡಿಸಲಲ್ಲಿ ಅವರು ಶಾಲೆ ಶುರು ಮಾಡಿದರು. ಹುಡುಗರ ಜೊತೆ ಹುಡುಗಿಯರೂ ಅಲ್ಲಿ ಕಲಿತರು. ಲೂಥರ್ ಆ ವಿಷಯದಲ್ಲಿ ಹಠವಾದಿ. 1524ರಲ್ಲೇ ಜರ್ಮನಿಯ ಊರುಗಳ ಆಡಳಿತಗಾರರಿಗೆ, ಶಾಲೆ ಕಟ್ಟಿಸಿ, ಹೆಣ್ಣುಮಕ್ಕಳೂ ದಿನಕ್ಕೆ ಒಂದು ಗಂಟೆಯಾದರೂ ಕಲಿಯಲಿ ಅಂತ ಬರೆದಿದ್ದರು. ನೀನು ಕೂತ ಬೆಂಚಿನ ಹಿಂದೆ ಇಷ್ಟು ಉದ್ದದ ದಾರಿ ಇದೆ.

ಇನ್ನು ನಿನ್ನ ಮೊದಲನೇ ಪ್ರಶ್ನೆ. ಅದು ನನ್ನ ಶಾಲೆ ಅನ್ನಬಹುದಾ?

ಅನ್ನಬಹುದು. ಆದರೆ ಒಂದು ಎಚ್ಚರ ಇರಲಿ. ನಿನ್ನ ಮಾತಿನಲ್ಲಿ 'ಎಲ್ಲ ಧರ್ಮಗಳೂ ಒಂದೇ' ಅಂತ ಹೇಳಿ ಮುಗಿಸಬೇಡ. ದೊಡ್ಡವರು ಇಂಥ ಕಡೆ ಅದನ್ನೇ ಹೇಳುತ್ತಾರೆ, ಕೇಳುವವರಿಗೂ ಹಿತವಾಗಿರುತ್ತದೆ. ಆದರೆ ನಿನ್ನ ಟೀಚರುಗಳು ಹಾಗೆ ನಂಬಿದವರಲ್ಲ. ಅವರು ಒಂದು ನಂಬಿಕೆಯನ್ನು ಗಟ್ಟಿಯಾಗಿ ಹಿಡಿದವರು, ಅದಕ್ಕೋಸ್ಕರವೇ ಆ ಶಾಲೆ ನಡೆಸುತ್ತಿರುವವರು. ಅದು ಗೊತ್ತಿದ್ದೂ, ಬೇರೆ ನಂಬಿಕೆಯ ಮನೆಯಿಂದ ಬಂದ ನಿನಗೆ ಒಂಬತ್ತು ವರ್ಷ ಪಾಠ ಹೇಳಿದರು, ಬಿದ್ದಾಗ ಮಂಡಿಗೆ ಪಟ್ಟಿ ಕಟ್ಟಿದರು. ವ್ಯತ್ಯಾಸ ಇಲ್ಲ ಅಂದುಬಿಟ್ಟರೆ ಅವರು ಮಾಡಿದ್ದು ಚಿಕ್ಕದಾಗುತ್ತದೆ. ಕನ್ಫರ್ಮೇಷನ್ ದಿನ ನೀನು ಹಿಂದಿನ ಸಾಲಿನಲ್ಲಿ ಕೂತಿದ್ದೆ, ಗೆಳತಿಯರಿಗೆ ಒಂದೊಂದು ಬೈಬಲ್ ವಾಕ್ಯ ಓದಿ ಕೊಟ್ಟಾಗ ನಿನಗೂ ಒಂದು ಬೇಕು ಅನ್ನಿಸಿತು ಅಂತ ಬರೆದಿದ್ದೀಯಲ್ಲ? ಅದನ್ನು ಹಾಗೇ ಹೇಳು. ಮೂರು ನಿಮಿಷಕ್ಕೆ ಅದಕ್ಕಿಂತ ನಿಜವಾದ ಮಾತು ಬೇಡ.

ಅಜ್ಜಿಯ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಅವರಿಗೆ ಭಯ ಇದೆ. ನಾನು ಮಂಗಳೂರು ಕಡೆಯವನು, ಆ ಭಯ ನನಗೆ ಗೊತ್ತು. ನಾನು ಓದಿದ್ದೂ ಹೆಂಚಿನ ಮಾಡಿನ ಒಂದು ಮಿಷನ್ ಶಾಲೆಯಲ್ಲಿ. ನಮ್ಮ ಮನೆಯಲ್ಲೂ ಇದೇ ಮಾತು ಬರುತ್ತಿತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ನಮ್ಮ ಊರಿಗೆ ಬಂದರು. ಅವರಲ್ಲಿ ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಅನ್ನುವ ಇನ್ನೊಂದು ಪ್ರೊಟೆಸ್ಟೆಂಟ್ ಪಂಥದವರೂ ಇದ್ದರು. ಬಂದದ್ದು ಮತ ಪ್ರಚಾರಕ್ಕೆ, ಅದನ್ನು ಅವರೇನೂ ಬಚ್ಚಿಡಲಿಲ್ಲ. ಬಂದವರು ಕನ್ನಡ ಕಲಿತರು. ಅವರಲ್ಲೊಬ್ಬರಾದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದರು, ಕನ್ನಡದ ಮೊದಲ ಪತ್ರಿಕೆ ಅದು. ನಾನು ಈ ಕುರ್ಚಿಯಲ್ಲಿ ಕೂತು ನಿನಗೆ ಉತ್ತರ ಬರೆಯುವ ಕೆಲಸದ ಮೊದಲ ಹೆಜ್ಜೆ ಅದು. ಕಿಟ್ಟೆಲ್ ವರ್ಷಗಟ್ಟಲೆ ದುಡಿದು 1894ರಲ್ಲಿ ನಿಘಂಟು ಹೊರತಂದರು. ನನ್ನ ಮೇಜಿನ ಮೇಲೆ ಈಗಲೂ ಅದು ಇದೆ. ಕಿಟ್ಟೆಲ್ ನಮ್ಮವರು ಅಂತ ನಾವು ಯಾರನ್ನೂ ಕೇಳದೆ ಹೇಳುತ್ತೇವೆ. ಬೆಂಗಳೂರಲ್ಲಿ ಅವರ ಪ್ರತಿಮೆಯೂ ಇದೆ. ಇದನ್ನು ಅಜ್ಜಿಗೆ ಓದಿ ಹೇಳು. ವಾದ ಮಾಡಬೇಡ, ಸುಮ್ನೆ ಓದು ಸಾಕು.

ಅಜ್ಜಿಗೆ ಇನ್ನೊಂದು ದೂರು ಇದೆಯಂತೆ. ನೀನು ಪ್ರತಿಯೊಂದಕ್ಕೂ 'ಹಾಗಂದ್ರೆ ಏನು?' ಅಂತ ಕೇಳುತ್ತೀಯಂತೆ. ಅರಿಶಿನ ಕುಂಕುಮ ಯಾಕೆ, ಈ ಶ್ಲೋಕದ ಅರ್ಥ ಏನು ಅಂತ. ಇದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಲೂಥರ್ 1529ರಲ್ಲಿ ಬರೆದ ಚಿಕ್ಕ ಕ್ಯಾಟೆಕಿಸಂ, ಅಂದರೆ ಧರ್ಮದ ಪ್ರಶ್ನೋತ್ತರ ಪುಸ್ತಕ, ನಿಮಗೆ ಬಾಯಿಪಾಠ ಮಾಡಿಸಿರುತ್ತಾರೆ. ಅದರಲ್ಲಿ ಒಂದು ಸಾಲು ಬರುತ್ತದೆ, ತಕ್ಷಣ ಒಂದು ಪ್ರಶ್ನೆ: 'ಇದರ ಅರ್ಥವೇನು?' ಮತ್ತೊಂದು ಸಾಲು, ಮತ್ತೆ ಅದೇ ಪ್ರಶ್ನೆ. ಉತ್ತರವೂ ಅಲ್ಲೇ ಇರುತ್ತದೆ, ಅದನ್ನೂ ಬಾಯಿಪಾಠ ಮಾಡಬೇಕು. ಆ ಉತ್ತರಗಳು ನಿನ್ನ ಗೆಳತಿಯರ ಜೊತೆ ಚರ್ಚಿಗೆ ಹೋದವು. ಪ್ರಶ್ನೆ ಮಾತ್ರ ನಿನ್ನ ಜೊತೆ ದೇವರ ಮನೆಗೆ ಬಂತು. ಅಜ್ಜಿಗೆ ಉತ್ತರ ಗೊತ್ತಿರುವ ಕಡೆ ಕೇಳು. ಗೊತ್ತಿಲ್ಲದ ಕಡೆ ಇಬ್ಬರೂ ಕೂಡಿ ಹುಡುಕಿ. ಅವರನ್ನು ಪರೀಕ್ಷೆ ಮಾಡುವ ಹಾಗೆ ಮಾತ್ರ ಕೇಳಬೇಡ. ವಯಸ್ಸಾದವರಿಗೆ ಅದು ಬೇಗ ನೋಯುತ್ತದೆ.

ಕನ್ನಡದ ಯಾವ ಸಾಲು ಹೇಳಲಿ ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ದೊಡ್ಡ ಕವಿಗಳ ಸಾಲು ಬೇಡ. ಶಾಲೆಗೆ ಹೊರಡುವಾಗ ಒಂಬತ್ತು ವರ್ಷ ಅಮ್ಮನಿಗೆ ಏನು ಹೇಳುತ್ತಿದ್ದೆ? ಅದನ್ನೇ ಹೇಳು. ಮಾತು ಮುಗಿಸಿ, ನಿನ್ನ ಟೀಚರುಗಳ ಕಡೆ ತಿರುಗಿ, 'ಹೋಗಿ ಬರ್ತೀನಿ' ಅನ್ನು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತುಕೋ. ನಿನ್ನ ಕ್ಲಾಸಿನ ಹದಿಮೂರು ಜನರಿಗೆ ಮುಂದಿನ ಪ್ರಶ್ನೆ ಬಾಯಿಪಾಠ ಇದೆ. ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಆಗ ಅರ್ಥ ಹೇಳು.

ನಿನ್ನ,
ಸಂಪಾದಕ